ಗದ್ದದ ಕೆಳಗಿನ ಕೈ

ಶ್ಯಾಮಲಮ್ಮನಿಗೆ ಮಗಳ ಮೇಲಿರುವುದು ಪ್ರೀತಿ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಪ್ರೀತಿಯೇ, ಅಲ್ಲ ಅಂದವರು ಯಾರು? ಆದರೆ ಆ ಪ್ರೀತಿಯಲ್ಲಿ ಇನ್ನೊಬ್ಬರು ಕಾಲಿಡುವಷ್ಟು ಜಾಗ ಇರಲಿಲ್ಲ. ಗಂಡ ಮೋಹನ್‌ಬಾಬುವೇ ಎಷ್ಟೋ ಸಲ ಹೊಸಿಲಲ್ಲಿ ನಿಂತು, ತಾಯಿ ಮಗಳ ಪಾಠ ನಡೆಯುವುದನ್ನು ಇಣುಕಿ ನೋಡಿ, ತನ್ನ ಪಾಡಿಗೆ ತಾನು ಟಿವಿ ಹಾಕಿಕೊಂಡು ಕೂತುಬಿಡುತ್ತಿದ್ದ.

ಅವಳು ಹುಟ್ಟಿ ಬೆಳೆದದ್ದು ಕೆಂಚಾರ್ಲಹಳ್ಳಿಯಲ್ಲಿ. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್. ಟೀಚರ್ ಟ್ರೈನಿಂಗಿಗೆ ಅರ್ಜಿ ತರಿಸಿ ಇಟ್ಟುಕೊಂಡಿದ್ದಳು. ಅರ್ಜಿ ತುಂಬುವುದರೊಳಗೆ ಹೆಣ್ಣು ನೋಡಲು ಬಂದರು. ಹುಡುಗನಿಗೆ ಚಿಂತಾಮಣಿಯಲ್ಲಿ ಹಾಲಿನ ಡೇರಿ ಕೆಲಸ, ಊರಲ್ಲಿ ಜಮೀನು, ಇನ್ನೇನು ಬೇಕು ಅಂದರು ಮನೆಯವರು. ಏನು ಬೇಕಿತ್ತು ಅನ್ನುವುದನ್ನು ಶ್ಯಾಮಲಮ್ಮನ ಬಾಯಲ್ಲಿ ಕೇಳಿದವರಿಲ್ಲ. ಮದುವೆಯಾಯಿತು, ಅರ್ಜಿ ಬೀರುವಿನಲ್ಲಿ ಸೀರೆಗಳ ಅಡಿಗೆ ಹೋಯಿತು. ಮೌನಿಕಾ ಹುಟ್ಟಿದ ಮೇಲೆ ಶ್ಯಾಮಲಮ್ಮ ಯಾವ ಟ್ರೈನಿಂಗೂ ಇಲ್ಲದೆ ಟೀಚರ್ ಆಗಿಯೇಬಿಟ್ಟಳು. ಶಾಲೆ ಅಡುಗೆಮನೆ, ವಿದ್ಯಾರ್ಥಿನಿ ಒಬ್ಬಳೇ. ಜಡೆ ಹಾಕುತ್ತಾ ಮಗ್ಗಿ, ಹಿಟ್ಟು ರುಬ್ಬುತ್ತಾ ಕಾಗುಣಿತ, ಸೊಪ್ಪು ಸೋಸುತ್ತಾ ಇಂಗ್ಲಿಷ್ ಪದ್ಯ. ಐದನೇ ಕ್ಲಾಸಿನವರೆಗೆ ಆ ಮಗು ಮನೆಪಾಠಕ್ಕೆ ಅಂತ ಬೇರೆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಶ್ಯಾಮಲಮ್ಮನ ಕೈಯಲ್ಲಿ ಒಂದು ವಿದ್ಯೆ ಇತ್ತು. ಯಾವ ಭಾಷೆ ಕೊಟ್ಟರೂ ಅದನ್ನು ಕನ್ನಡ ಅಕ್ಷರಕ್ಕೆ ಇಳಿಸಿಬಿಡುತ್ತಿದ್ದಳು. ಅತ್ತೆ ಅಕ್ಕಯ್ಯಮ್ಮ ಹೇಳುವ ತೆಲುಗು ಭಜನೆಗಳೆಲ್ಲ ಅವಳ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಇದ್ದವು. ಮಗಳ ಇಂಗ್ಲಿಷ್ ಪುಸ್ತಕದಲ್ಲಿ ಒಂದೊಂದು ಸಾಲಿನ ಕೆಳಗೂ ಅವಳ ಗುಂಡು ಗುಂಡನೆಯ ಅಕ್ಷರ. "ನಮ್ಮ ಅಕ್ಷರದಲ್ಲಿ ಬರೆಯಕ್ಕಾಗ್ದೇ ಇರೋ ಮಾತು ಯಾವುದೈತಮ್ಮಾ ಪ್ರಪಂಚದಲ್ಲಿ?" ಎಂದು ಕೇಳುತ್ತಿದ್ದಳು. ಮೌನಿಕಾಗೂ ಅಂಥ ಮಾತು ಯಾವುದೂ ಇಲ್ಲ ಎಂದೇ ಗೊತ್ತಿತ್ತು, ಆರನೇ ಕ್ಲಾಸಿಗೆ ಬರುವವರೆಗೆ.

ಆರನೇ ಕ್ಲಾಸಿನಲ್ಲಿ ಮೌನಿಕಾ ಓದುತ್ತಿದ್ದ ಖಾಸಗಿ ಶಾಲೆಯವರು ಫ್ರೆಂಚ್ ಶುರು ಮಾಡಿದರು. ಪಕ್ಕದ ಊರಿನ ಶಾಲೆಯವರು ಮಾಡಿದ್ದರಲ್ಲ, ಇವರು ಬಿಟ್ಟಾರೆಯೇ? ಕಲಿಸಲು ಸಂಘಮಿತ್ರ ಎಂಬ ಮಿಸ್ ಬಂದಳು. ಗೌರಿಬಿದನೂರಿನ ಕಡೆ ನಗರಗೆರೆಯ ಗಂಗುಲಪ್ಪ ಮೇಷ್ಟ್ರ ಮಗಳು, ಇಪ್ಪತ್ತೆಂಟು ವರ್ಷ, ಬೆಂಗಳೂರಿನಲ್ಲಿ ಫ್ರೆಂಚ್ ಎಂ.ಎ. ಮಾಡಿದವಳು. ಶ್ಯಾಮಲಮ್ಮನ ಮನೆಯಿಂದ ಮೂರನೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಚಿಕ್ಕಬಳ್ಳಾಪುರದಲ್ಲಿ ಶಾಲಾ ಮಕ್ಕಳಿಗೆ ಫ್ರೆಂಚ್ ಉಚ್ಚಾರಣೆ ಸ್ಪರ್ಧೆ ಇದೆ ಎಂದು ಗೊತ್ತಾದಾಗ ಮೂರು ಮಕ್ಕಳನ್ನು ಆರಿಸಿಕೊಂಡು ಸಂಜೆ ಹೊತ್ತು ಮನೆಗೇ ಕರೆಸಿಕೊಳ್ಳತೊಡಗಿದಳು. ಮೂವರಲ್ಲಿ ಮೌನಿಕಾ ಒಬ್ಬಳು.

ಮೊದಲನೇ ದಿನ ಮಗಳು ಆಯ್ಕೆಯಾದದ್ದಕ್ಕೆ ಶ್ಯಾಮಲಮ್ಮ ಪಾಯಸ ಮಾಡಿದಳು. ಎರಡನೇ ವಾರಕ್ಕೆ ಆ ಪಾಯಸ ಯಾಕಾದರೂ ಮಾಡಿದೆನೋ ಅನ್ನಿಸಿತು.

ಮೌನಿಕಾ ಊಟಕ್ಕೆ ಕೂತರೂ ಎಡಗೈಯನ್ನು ಗದ್ದದ ಕೆಳಗೆ ಮಗುಚಿ ಇಟ್ಟುಕೊಂಡು ಏನೋ ಹೇಳಿಕೊಳ್ಳುತ್ತಿದ್ದಳು. "ನೂ ಪಾರ್... ಲೋಂ. ವೂ ಪಾರ್... ಲೇ."

"ಏನೇ ಅದು, ಹಲ್ಲುನೋವಾ?" ಎಂದಳು ಶ್ಯಾಮಲಮ್ಮ.

"ಅಲ್ಲಮ್ಮಾ. ಗದ್ದ ಎಷ್ಟು ಸಲ ಕೆಳಕ್ಕೆ ಇಳಿಯುತ್ತೋ ಅಷ್ಟು ತುಂಡು ಅಂತ. ಮಿಸ್ ಹೇಳ್ಕೊಟ್ರು. ನೂ ಪಾರ್ಲೋಂ ಅಂದ್ರೆ ನಾವು ಮಾತಾಡ್ತೀವಿ. ನೋಡು, ಪಾರ್, ಲೋಂ. ಎರಡು ತುಂಡು. ಇಲ್ ಪಾರ್ಲ್, ಅವರು ಮಾತಾಡ್ತಾರೆ. ಒಂದೇ ತುಂಡು."

"ನಿನ್ನೆ ವೂ ದೊನೇ, ವೂ ದೊನೇ ಅಂತಿದ್ಲು," ಎಂದರು ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅಕ್ಕಯ್ಯಮ್ಮ. "ದೊನ್ನೆ ಅಂದ್ಮೇಲೆ ಪ್ರಸಾದ ಎಲ್ಲೇ ಪಾಪಾ ಅಂತ ಕೇಳ್ದೆ. ಬಿದ್ದು ಬಿದ್ದು ನಗ್ತಾಳೆ."

ಅಜ್ಜಿ ಮೊಮ್ಮಗಳು ನಕ್ಕರು. ಶ್ಯಾಮಲಮ್ಮನೂ ನಕ್ಕಳು. ಆದರೆ ಮನೆಯಲ್ಲಿ ನಡೆದ ಒಂದು ಪಾಠ ತನಗೆ ಅರ್ಥವಾಗದೆ ಹೋದದ್ದು ಅದೇ ಮೊದಲು.

ಊಟವಾದ ಮೇಲೆ ಅವಳು ಎಂದಿನಂತೆ ಪೆನ್ನು ತೆಗೆದುಕೊಂಡು ಕೂತಳು. "ತಾ ಇಲ್ಲಿ ಪುಸ್ತಕ. ಕನ್ನಡದಲ್ಲಿ ಬರ್ದುಕೊಡ್ತೀನಿ, ಬೇಗ ಬಾಯಿಗೆ ಬರುತ್ತೆ."

ಮೌನಿಕಾ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. "ಬೇಡಮ್ಮ. ಕನ್ನಡದಲ್ಲಿ ಬರ್ಕೋಬೇಡಿ, ಕಿವೀಲಿ ಇಟ್ಕೊಳ್ಳಿ ಅಂದವ್ರೆ ಮಿಸ್ಸು."

ಬೇಡ ಅಂದವರು ಮಿಸ್ಸು. ಬೇಡ ಅನ್ನಿಸಿಕೊಂಡದ್ದು ಹನ್ನೊಂದು ವರ್ಷ ಸಾಕಿದ ಕೈ. ಶ್ಯಾಮಲಮ್ಮ ಪೆನ್ನಿನ ಮುಚ್ಚಳ ಹಾಕಿ ಎದ್ದುಹೋದಳು, ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಂದು ಸಲ ತೊಳೆದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಆ ದಿನ ಮಿಸ್ಸಿನ ಮೇಲಿನ ಕೋಪ ಪಾತ್ರೆ ಮೇಲೆ ಬಿತ್ತು.

ಅಂದಿನಿಂದ ಅವಳ ಕಿವಿಗೆ ಆ ಹೆಸರೇ ಬೀಳುತ್ತಿತ್ತು. ಮಿಸ್ ಹಿಂಗಂದ್ರು, ಮಿಸ್ ಹಂಗಂದ್ರು. ಮಿಸ್ ಮನೇಲಿ ಕಿಟಕಿ ತುಂಬ ಗಿಡ. ಮಿಸ್ ನಿಂಬೆಹಣ್ಣಿನ ಟೀ ಕುಡೀತಾರೆ. ಒಂದು ದಿನ ಮೌನಿಕಾ, "ನಂಗೂ ನಿಂಬೆಹಣ್ಣಿನ ಟೀ ಮಾಡ್ಕೊಡಮ್ಮ" ಎಂದಾಗ ಶ್ಯಾಮಲಮ್ಮ ಮಾಡಿಕೊಟ್ಟಳು. ಮಗು ಒಂದು ಗುಟುಕು ಕುಡಿದು, "ಮಿಸ್ ಮಾಡೋ ಥರ ಇಲ್ಲ" ಎಂದಿತು. ಮಕ್ಕಳಿಗೇನು ಗೊತ್ತು, ಅವು ಇದ್ದದ್ದನ್ನು ಹೇಳುತ್ತವೆ. ಶ್ಯಾಮಲಮ್ಮನ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಾಯಿತು.

ಮರುದಿನ ಸಂಜೆ ಚಕ್ಕುಲಿ ಡಬ್ಬಿಯನ್ನು ನೆಪ ಮಾಡಿಕೊಂಡು ಆ ಮಹಡಿ ಹತ್ತಿದಳು. ಬಾಗಿಲು ತೆರೆದೇ ಇತ್ತು. ಬೇರೆ ಇಬ್ಬರು ಮಕ್ಕಳು ಇನ್ನೂ ಬಂದಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಚಾಪೆ. ಚಾಪೆಯ ಮೇಲೆ ಸಂಘಮಿತ್ರ ಕೂತು ಮೌನಿಕಾಳ ಗದ್ದವನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. "ಫಿ. ನಿ. ಸೋಂ. ನೋಡಿದ್ಯಾ, ಮೂರು ಸಲ ಇಳೀತು. ನಾವು ಮುಗಿಸ್ತೀವಿ. ಈಗ, ಇಲ್ ಫಿನೀಸ್. ಅವರು ಮುಗಿಸ್ತಾರೆ. ಫಿ. ನೀಸ್. ಎರಡೇ." ಮೌನಿಕಾ ಕಣ್ಣು ಮಿಟುಕಿಸದೆ ಅವಳ ತುಟಿಯನ್ನೇ ನೋಡುತ್ತಿದ್ದಳು.

ನಮ್ಮ ಕಡೆ ಮಗುವಿನ ಗದ್ದ ಹಿಡಿಯುವುದೆಂದರೇನು ಎಂದು ಯಾರಿಗೆ ಗೊತ್ತಿಲ್ಲ? ಮುದ್ದು ಮಾಡುವಾಗ ಹಿಡಿಯುತ್ತಾರೆ, ಮುನಿಸು ತಿಳಿಮಾಡುವಾಗ ಹಿಡಿಯುತ್ತಾರೆ. ಹೆತ್ತವಳು ಹಿಡಿಯುತ್ತಾಳೆ. ಶ್ಯಾಮಲಮ್ಮ ಬಾಗಿಲಲ್ಲೇ ನಿಂತಳು. ಫ್ರೆಂಚೂ ಬೇಡ, ಸ್ಪರ್ಧೆಯೂ ಬೇಡ, ಆ ಕೈಯನ್ನು ಅಲ್ಲಿಂದ ತೆಗೆದರೆ ಸಾಕು ಅನ್ನಿಸಿತು ಅವಳಿಗೆ.

"ಬನ್ನಿ ಅಕ್ಕಾ, ಬನ್ನಿ," ಎಂದು ಎದ್ದಳು ಸಂಘಮಿತ್ರ. "ನಿಮ್ಮ ಮಗಳ ಕಿವಿ ಬಾಳ ಚುರುಕು. ಒಂದ್ಸಲ ಕೇಳಿದ್ರೆ ಸಾಕು, ಹಂಗೇ ಇಟ್ಕೊಳ್ತಾಳೆ."

"ಅದೇನು ಇವತ್ತಿಂದಾ ಮೇಡಂ?" ಎಂದಳು ಶ್ಯಾಮಲಮ್ಮ. "ಮೂರು ವರ್ಷಕ್ಕೇ ಕಾಗುಣಿತ ಹೇಳ್ತಿದ್ಲು. ನಾನೇ ಕಲಿಸಿದ್ದು."

"ಗೊತ್ತಾಗುತ್ತಕ್ಕಾ. ಚೆನ್ನಾಗಿ ಕಲಿಸಿದೀರ."

ಹೊಗಳಿಕೆಯೇ. ಆದರೆ ಕಲಿಸಿದೀರ ಅನ್ನುವುದು ಮುಗಿದ ಮಾತು, ಇನ್ನು ಮುಂದೆ ನಾನಿದ್ದೀನಿ ಎಂದ ಹಾಗೆ ಕೇಳಿಸಿತು ಶ್ಯಾಮಲಮ್ಮನಿಗೆ. ಕೊಟ್ಟ ಟೀ ಕುಡಿದು ಬಂದಳು. ಮನೆಯಲ್ಲಿ ಅಕ್ಕಯ್ಯಮ್ಮ, "ಆ ಯಮ್ಮನ ಮನೇಲಿ ಕುಡ್ದ್ಯಾ?" ಎಂದು ದನಿ ತಗ್ಗಿಸಿ ಕೇಳಿದರು. ಅದು ಯಾವ ಪ್ರಶ್ನೆ ಎಂದು ಇಬ್ಬರಿಗೂ ಗೊತ್ತಿತ್ತು. "ಕುಡಿದೆ. ಅವೆಲ್ಲ ನಂಗಿಲ್ಲ ಅತ್ತೆ," ಎಂದಳು ಶ್ಯಾಮಲಮ್ಮ ಗತ್ತಿನಿಂದ. ನಿಜ ಹೇಳಬೇಕೆಂದರೆ, ಅವೆಲ್ಲ ತನಗಿಲ್ಲ ಎಂದು ಹೇಳಿಕೊಳ್ಳುವಾಗ ಎಷ್ಟು ಗಟ್ಟಿಯಾಗಿ ಹೇಳಬೇಕಾಯಿತು ಅನ್ನುವುದನ್ನು ಅವಳು ಗಮನಿಸಲಿಲ್ಲ. ಹೊಟ್ಟೆಕಿಚ್ಚು ಉರಿಯುವಾಗ ಯಾವ ಯಾವ ಹಳೇ ಸೌದೆ ಒಲೆಗೆ ಬಿತ್ತು ಎಂದು ಯಾರು ಎಣಿಸುತ್ತಾರೆ?

ಸ್ಪರ್ಧೆಗೆ ಹತ್ತು ದಿನ ಇರುವಾಗ, ಮಗಳು ಶಾಲೆಗೆ ಹೋದ ಮೇಲೆ ಶ್ಯಾಮಲಮ್ಮ ಆ ಫ್ರೆಂಚ್ ಪುಸ್ತಕ ತೆರೆದಳು. ಒಂದೊಂದು ಕ್ರಿಯಾಪದವನ್ನೂ ಸಂಘಮಿತ್ರ ಪೆನ್ಸಿಲಿನಲ್ಲಿ ತುಂಡು ಮಾಡಿ, ತುಂಡಿನ ಕೆಳಗೆ ಬಾಗಿದ ಗೆರೆ ಎಳೆದಿದ್ದಳು. ಎಷ್ಟೋ ಕಡೆ ಕೊನೆಯ ಅಕ್ಷರಗಳ ಮೇಲೆ ಅಡ್ಡಗೆರೆ. ಹೇಳಬಾರದು ಅಂತ. ಶ್ಯಾಮಲಮ್ಮ ಹುಬ್ಬು ಗಂಟಿಕ್ಕಿದಳು. ಅಚ್ಚು ಹಾಕಿದವರೇನು ಹುಚ್ಚರಾ? ಹೇಳದೇ ಇರುವ ಅಕ್ಷರವನ್ನು ಯಾರಾದರೂ ಬರೆಯುತ್ತಾರಾ?

ಫೋನಿನಲ್ಲಿ ಹುಡುಕಿ ಒಬ್ಬ ಫ್ರೆಂಚ್ ಗಂಡಸು ಹೇಳುವುದನ್ನೂ ಕೇಳಿದಳು. ಅವನೂ ಕೊನೆಯದನ್ನು ನುಂಗುತ್ತಿದ್ದ. ಮತ್ತೆ ಕೇಳಿದಳು, ಮತ್ತೂ ನುಂಗಿದ. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಶ್ಯಾಮಲಮ್ಮನಿಗೆ ಇದ್ದಕ್ಕಿದ್ದಂತೆ ಎಲ್ಲ ತಿಳಿದುಹೋಯಿತು, ಅಥವಾ ತಿಳಿದುಹೋಯಿತು ಎಂದುಕೊಂಡಳು. ನಾವೂ ನುಂಗುವುದಿಲ್ಲವೇ? ಬರೆಯುವಾಗ ಬರುತ್ತೇನೆ, ಬಾಯಲ್ಲಿ ಬರ್ತೀನಿ. ಪುಸ್ತಕದಲ್ಲಿ ಹೋಗೋಣ, ಬೀದಿಯಲ್ಲಿ ಹೋಗಣ. ಆದರೆ ಮೈಕಿನ ಮುಂದೆ ನಿಂತು ಯಾರಾದರೂ ಬರ್ತೀನಿ ಕಣ್ರೀ ಅನ್ನುತ್ತಾರಾ? ಕೆಂಚಾರ್ಲಹಳ್ಳಿಯ ಹೈಸ್ಕೂಲಿನಲ್ಲಿ ಭಾಷಣ ಸ್ಪರ್ಧೆಗೆ ಅವಳಿಗೆ ಮೊದಲ ಬಹುಮಾನ ಬಂದದ್ದೇ ಒಂದೊಂದು ಅಕ್ಷರವನ್ನೂ ಬಿಡದೆ, ಗ್ರಾಂಥಿಕವಾಗಿ, ಘಂಟೆ ಬಾರಿಸಿದ ಹಾಗೆ ಹೇಳಿದ್ದಕ್ಕೆ. ಈ ಮಿಸ್ಸು ಮಕ್ಕಳಿಗೆ ಸಂತೆಯಲ್ಲಿ ಆಡುವ ಫ್ರೆಂಚ್ ಹೇಳಿಕೊಟ್ಟು ವೇದಿಕೆ ಹತ್ತಿಸುತ್ತಿದ್ದಾಳೆ! ಫೋನಿನವನೂ ಅಡ್ಡಾಡಿಕೊಂಡು ಮಾತಾಡುವವನೇ. ಪೂರ್ತಿಯಾಗಿ ಹೇಳಿಕೊಡುವವರು ಬೇಕು.

ಎಳ್ಳು ಕಾಳಿನಷ್ಟು ಅನುಮಾನ ಇತ್ತು. ಸಂಘಮಿತ್ರಳನ್ನೇ ಒಂದು ಮಾತು ಕೇಳಿದ್ದರೆ ಅದು ಅಲ್ಲೇ ಪರಿಹಾರವಾಗುತ್ತಿತ್ತು. ಮೂರನೇ ಮನೆ, ಹತ್ತು ಹೆಜ್ಜೆ. ಕೇಳುವುದೆಂದರೆ ಅವಳ ಮುಂದೆ ಕಲಿಯುವವಳಾಗಿ ಕೂರುವುದು. ಅದು ಆಗದ ಮಾತು.

ಅವಳು ರಬ್ಬರ್ ತೆಗೆದುಕೊಂಡು ಪೆನ್ಸಿಲಿನ ಗೆರೆಗಳನ್ನೆಲ್ಲ ಉಜ್ಜಿ ಹಾಕಿದಳು. ಆಮೇಲೆ ನೀಲಿ ಪೆನ್ನಿನಲ್ಲಿ, ಒಂದೊಂದರ ಕೆಳಗೂ, ಗುಂಡು ಗುಂಡನೆಯ ಕನ್ನಡ ಅಕ್ಷರದಲ್ಲಿ ಬರೆದಳು. ಇಲ್ಸ್ ಪಾರ್ಲೆಂಟ್. ಇಲ್ಸ್ ದೊನ್ನೆಂಟ್. ಇಲ್ಸ್ ಫಿನಿಸ್ಸೆಂಟ್. ಬರೆಯುತ್ತಾ ಬರೆಯುತ್ತಾ ಎಷ್ಟೋ ದಿನದ ಮೇಲೆ ಅವಳ ಮನಸ್ಸು ತಣ್ಣಗಾಯಿತು.

ಸಂಜೆ ಪುಸ್ತಕ ನೋಡಿದ ಮೌನಿಕಾಳ ಮುಖ ಸಣ್ಣದಾಯಿತು. "ಅಮ್ಮಾ, ಇದು ಹಿಂಗಲ್ಲ."

"ಹಿಂಗೇ. ನಿಮ್ಮ ಮಿಸ್ಸು ಆಡುಮಾತಿನ ಥರ ಹೇಳ್ಕೊಟ್ಟವ್ರೆ. ಸ್ಟೇಜ್ ಮೇಲೆ ಹಂಗೆ ಅರ್ಧಂಬರ್ಧ ಹೇಳಿದ್ರೆ ಮಾರ್ಕ್ಸ್ ಕೊಡ್ತಾರಾ? ಬರೆದಿರೋದನ್ನ ಪೂರ್ತಿ ಹೇಳು."

"ಮಿಸ್ಸು ಫ್ರೆಂಚಲ್ಲೇ ಎಂ.ಎ. ಮಾಡಿರೋದಮ್ಮ."

ಆ ಎಂ.ಎ. ಅನ್ನುವ ಮಾತು ಎಲ್ಲಿ ತಾಕಬೇಕೋ ಅಲ್ಲೇ ತಾಕಿತು. "ಹೌದಮ್ಮಾ, ನಾನು ಪಿಯುಸಿ. ಹಿಟ್ಟು ರುಬ್ಬೋಳು. ಹೇಳು, ನಿಂಗೆ ನಾನು ಬೇಕಾ, ನಿಮ್ಮ ಮಿಸ್ಸು ಬೇಕಾ?"

ಹನ್ನೊಂದು ವರ್ಷದ ಮಗು ಏನು ಹೇಳೀತು? ಸುಮ್ಮನೆ ನಿಂತಿತು. ಆ ಸುಮ್ಮನೆ ನಿಂತದ್ದೇ ಉತ್ತರ ಎಂದುಕೊಂಡ ಶ್ಯಾಮಲಮ್ಮ ಮಗಳ ಹತ್ತಿರ ಮಾತು ಬಿಟ್ಟಳು.

ಮಾತು ಬಿಡುವುದು ಆ ಮನೆಯಲ್ಲಿ ಹೊಸದಲ್ಲ. ಗಂಡನ ಮೇಲೆ, ಅತ್ತೆಯ ಮೇಲೆ ಆ ಅಸ್ತ್ರ ಎಷ್ಟೋ ಸಲ ಹೊರಬಂದಿತ್ತು. ಮಗಳ ಮೇಲೆ ಬಿಟ್ಟದ್ದು ಇದೇ ಮೊದಲು. ಜಡೆ ಹಾಕಿದಳು, ಮಾತಿಲ್ಲ. ಡಬ್ಬಿ ಕಟ್ಟಿಕೊಟ್ಟಳು, ಮಾತಿಲ್ಲ. ಮಗು "ಅಮ್ಮಾ" ಎಂದರೆ ಗೋಡೆ ನೋಡಿದಳು. "ಬಿಡೇ, ಮಗು ಅದು," ಎಂದ ಮೋಹನ್‌ಬಾಬು. ಅವನ ಹತ್ತಿರವೂ ಮಾತು ಬಿಟ್ಟಳು. ಮಗುವಿಗಿಂತ ಹೆಚ್ಚು ತಾನೇ ಒದ್ದಾಡುತ್ತಿದ್ದಳು ಅನ್ನುವುದು ಬೇರೆ ವಿಷಯ. ಆದರೆ ಸೋಲಬಾರದು, ಈ ಒಂದು ಸಲ ಮಾತ್ರ ಸೋಲಬಾರದು ಎಂದು ಹಲ್ಲು ಕಚ್ಚಿ ಕೂತಳು.

ಮೂರನೇ ದಿನ ಬೆಳಿಗ್ಗೆ ಮೌನಿಕಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಪುಸ್ತಕ. ನೀಲಿ ಅಕ್ಷರ ನೋಡಿಕೊಂಡು ಒಂದೊಂದಾಗಿ ಹೇಳಿದಳು. "ಇಲ್ಸ್ ಪಾರ್ಲೆಂಟ್. ಇಲ್ಸ್ ಫಿನಿಸ್ಸೆಂಟ್." ಒಂದೂ ತಪ್ಪಲಿಲ್ಲ.

ಶ್ಯಾಮಲಮ್ಮ ಒಲೆ ಆರಿಸಿ ಓಡಿಬಂದು ಮಗಳನ್ನು ತಬ್ಬಿಕೊಂಡಳು. "ನನ್ನ ಬಂಗಾರಾ! ಸ್ಪರ್ಧೇಲಿ ಹಿಂಗೇ ಹೇಳ್ಬೇಕು. ಮಿಸ್ ಮುಂದೆ ಅವರು ಹೇಳಿದಂಗೇ ಹೇಳ್ಕೋ, ಈ ಪುಸ್ತಕ ತೋರಿಸ್ಬೇಡ, ಜಗಳ ಬೇಡ. ಸ್ಟೇಜ್ ಮೇಲೆ ಮಾತ್ರ ನಂದು." ಮೌನಿಕಾ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ ಹೂಂ ಅಂದಳು. ಅಂದು ಶ್ಯಾಮಲಮ್ಮ ಎರಡನೇ ಸಲ ಪಾಯಸ ಮಾಡಿದಳು.

ಸ್ಪರ್ಧೆಯ ದಿನ ಸಂಘಮಿತ್ರ ಮೂರು ಮಕ್ಕಳನ್ನು ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೊರಟಳು. "ನಾನೂ ಬರ್ತೀನಿ" ಎಂದು ಶ್ಯಾಮಲಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು ಹತ್ತಿದಳು. ಸ್ಪರ್ಧೆ ನಡೆಯುವ ಶಾಲೆಯ ಸಭಾಂಗಣದಲ್ಲಿ ವೇದಿಕೆಗೆ ನೇರವಾಗಿ ಎರಡನೇ ಸಾಲಿನಲ್ಲಿ ಜಾಗ ಹಿಡಿದಳು. ಮಗಳು ತಲೆ ಎತ್ತಿದರೆ ಮೊದಲು ತಾನೇ ಕಾಣಬೇಕು. ಸಂಘಮಿತ್ರ ಪಕ್ಕದ ಸಾಲಿನ ತುದಿಯಲ್ಲಿ ಕೂತಳು.

ನಿಯಮ ಸರಳವಾಗಿತ್ತು. ಮಗು ಬಂದು ಒಂದು ಚೀಟಿ ಎತ್ತಬೇಕು. ಚೀಟಿಯಲ್ಲಿರುವ ಕ್ರಿಯಾಪದದ ಆರು ರೂಪಗಳನ್ನು ಒಂದೊಂದಾಗಿ ಮೊದಲು ತುಂಡು ಮಾಡಿ, ಆಮೇಲೆ ಒಂದೇ ಉಸಿರಿಗೆ ಹೇಳಬೇಕು. ಬೆಂಗಳೂರಿನಿಂದ ಬಂದ ಇಬ್ಬರು ತೀರ್ಪುಗಾರರು ಬರೆದುಕೊಳ್ಳುತ್ತಾರೆ.

ಮೊದಲನೆಯ ಹುಡುಗ ಗೌರಿಬಿದನೂರಿನವನು. ಅವನಿಗೆ ಬಂದದ್ದು ಮಾತಾಡು ಅನ್ನುವ ಪದ. "ಇಲ್ ಪಾರ್ಲ್," ಎಂದ. ಕೊನೆ ನುಂಗಿದ. ಶ್ಯಾಮಲಮ್ಮ ಮನಸ್ಸಿನಲ್ಲೇ, ಹೋಯಿತು ಇವನ ಮಾರ್ಕು, ಅಂದುಕೊಂಡಳು. ತೀರ್ಪುಗಾರರು ತಲೆದೂಗಿದರು. ಎರಡನೆಯವಳೂ ನುಂಗಿದಳು, ಅವಳಿಗೂ ತಲೆದೂಗಿದರು. ನಾಲ್ಕನೆಯವನು ಅಪ್ಪಿತಪ್ಪಿ ಕೊನೆಯ ಅಕ್ಷರವನ್ನು ಹೇಳಿಬಿಟ್ಟು, ಛೇ ಎಂದು ನಾಲಗೆ ಕಚ್ಚಿಕೊಂಡು ತಿದ್ದಿಕೊಂಡ. ತೀರ್ಪುಗಾರ್ತಿ ಮುಗುಳ್ನಕ್ಕು, "ಪರವಾಗಿಲ್ಲ, ತಿದ್ದಿಕೊಂಡೆಯಲ್ಲ" ಎಂದಳು.

ಶ್ಯಾಮಲಮ್ಮ ಕುರ್ಚಿಯ ಅಂಚಿಗೆ ಸರಿದಳು. ಒಂಬತ್ತು ಮಕ್ಕಳು ಹೇಳಿ ಇಳಿದರು. ಗ್ರಾಂಥಿಕವೂ ಇಲ್ಲ, ಆಡುಮಾತೂ ಇಲ್ಲ, ಆ ಭಾಷೆಗೆ ಇರುವುದು ಅದೊಂದೇ ದಾರಿ. ತಾನು ಮಗಳ ಕೈ ಹಿಡಿದು ಬಾವಿಯ ಕಡೆ ನಡೆಸಿಕೊಂಡು ಬಂದಿದ್ದೇನೆ. ಎದ್ದು ಹೋಗಿ ಹೇಳೋಣವೆಂದರೆ ಸ್ಪರ್ಧಿಗಳೆಲ್ಲ ವೇದಿಕೆಯ ಪಕ್ಕದ ಕೋಣೆಯಲ್ಲಿದ್ದಾರೆ, ಬಾಗಿಲಲ್ಲಿ ಆ ಶಾಲೆಯ ಮೇಷ್ಟ್ರೊಬ್ಬರು ನಿಂತಿದ್ದಾರೆ.

"ಮೌನಿಕಾ, ಚಿಂತಾಮಣಿ," ಎಂದು ಕೂಗಿದರು.

ಮಗು ಬಂತು. ಚೀಟಿ ಎತ್ತಿತು. ಮುಗಿಸು ಅನ್ನುವ ಪದ. ಎಡಗೈ ಗದ್ದದ ಕೆಳಗೆ ಹೋಯಿತು. ಮೊದಲ ಮೂರು ರೂಪ, ಆಮೇಲೆ "ಫಿ, ನಿ, ಸೋಂ", "ಫಿ, ನಿ, ಸೇ". ಇಡೀ ಸಭೆಯಲ್ಲಿ ಅಲ್ಲಿಯವರೆಗೆ ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ತೀರ್ಪುಗಾರ್ತಿ ಪೆನ್ನು ಕೆಳಗಿಟ್ಟು ಕೇಳುತ್ತಿದ್ದಳು. ಪಕ್ಕದ ಸಾಲಿನಲ್ಲಿ ಸಂಘಮಿತ್ರ ತನ್ನ ಗದ್ದದ ಕೆಳಗೂ ಕೈ ಇಟ್ಟುಕೊಂಡು ಮಗುವಿನ ಜೊತೆಯಲ್ಲೇ ತುಟಿ ಆಡಿಸುತ್ತಿದ್ದಳು. ಉಳಿದದ್ದು ಒಂದು, ಅವರು ಮುಗಿಸುತ್ತಾರೆ.

ಆಗ ಮೌನಿಕಾ ತಲೆ ಎತ್ತಿ ಅಮ್ಮನನ್ನು ನೋಡಿದಳು.

ಶ್ಯಾಮಲಮ್ಮ ಬೇಡ, ಬೇಡ ಎಂದು ತಲೆ ಅಲ್ಲಾಡಿಸಿದಳು. ಹುಬ್ಬು ಗಂಟಿಕ್ಕಿತ್ತು, ತುಟಿ ಬಿಗಿದಿತ್ತು. ಮೂರು ದಿನ ಗೋಡೆ ನೋಡಿಕೊಂಡಿದ್ದ ಮುಖವೇ ಅದು. ಮಗುವಿಗೆ ಆ ಮುಖದಲ್ಲಿ ಕಂಡದ್ದು ಬೇರೆ. ಅದು ಗಟ್ಟಿಯಾಗಿ, ಸ್ಪಷ್ಟವಾಗಿ, ಒಂದಕ್ಷರ ಬಿಡದೆ ಹೇಳಿತು. "ಫಿ. ನಿ. ಸ್ಸೆಂಟ್. ಇಲ್ಸ್ ಫಿನಿಸ್ಸೆಂಟ್."

ಗದ್ದ ಮೂರು ಸಲ ಇಳಿಯಿತು. ಸಂಘಮಿತ್ರಳ ಕೈ ಕೆಳಕ್ಕೆ ಬಂತು. ತೀರ್ಪುಗಾರರು ಒಬ್ಬರನ್ನೊಬ್ಬರು ನೋಡಿಕೊಂಡು ಬರೆದುಕೊಂಡರು.

ಇದನ್ನು ಹೇಳದೆ ಬಿಡುವ ಹಾಗಿಲ್ಲ. ಆ ತಪ್ಪು ಮಗಳ ಬಾಯಿಂದ ಬಿದ್ದ ಕ್ಷಣದಲ್ಲಿ, ಎಲ್ಲ ಗೊತ್ತಿದ್ದೂ, ಶ್ಯಾಮಲಮ್ಮನ ಒಳಗೆ ಏನೋ ಒಂದು ಹಿಗ್ಗಿತು. ನನ್ನದನ್ನು ಹೇಳಿದಳು, ನನ್ನ ಮಗಳು ನನ್ನದನ್ನೇ ಹೇಳಿದಳು. ಒಂದು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಮೌನಿಕಾ ವೇದಿಕೆ ಇಳಿಯುತ್ತಾ ತುಟಿ ಕಚ್ಚಿ ಅಳು ತಡೆದುಕೊಳ್ಳುವುದು ಕಾಣಿಸಿತು.

ಮೂರು ಬಹುಮಾನವೂ ಬೇರೆ ಊರುಗಳಿಗೆ ಹೋದವು. ಸಂಘಮಿತ್ರ ಮೌನಿಕಾಳ ತಲೆ ಸವರಿ, "ಪರವಾಗಿಲ್ಲ ಪುಟ್ಟಾ, ಐದು ಎಷ್ಟು ಚೆನ್ನಾಗಿ ಹೇಳಿದೆ ಗೊತ್ತಾ?" ಎಂದಳು. "ಒಂದು ಮರ್ತೋಯ್ತಾ?" ಎಂದು ಕೇಳಿದಳು. ಮೌನಿಕಾ ನೆಲ ನೋಡುತ್ತಾ, "ಹೂಂ ಮಿಸ್, ಮರ್ತೋಯ್ತು" ಎಂದಳು. ಶ್ಯಾಮಲಮ್ಮ ಪಕ್ಕದಲ್ಲೇ ನಿಂತಿದ್ದಳು. ಬಾಯಿ ಬಿಡಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಸಂಘಮಿತ್ರ ಮತ್ತು ಇಬ್ಬರು ಮಕ್ಕಳು ಮುಂದೆ ಕೂತರು, ಮೌನಿಕಾ ಅಮ್ಮನ ಪಕ್ಕ ಹಿಂದೆ. ಬಸ್ಸು ಶಿಡ್ಲಘಟ್ಟ ಮುಟ್ಟುವ ಹೊತ್ತಿಗೆ ರಸ್ತೆ ಪಕ್ಕದಲ್ಲಿ ರೇಷ್ಮೆಗೂಡಿನ ಮೂಟೆ ಹೇರಿಕೊಂಡ ಗಾಡಿಗಳು, ನೂಲು ತೆಗೆಯುವ ಕಡೆಯಿಂದ ಬೆಂದ ಹುಳದ ವಾಸನೆ. ಮೌನಿಕಾ ಮೂಗು ಮುಚ್ಚಿಕೊಳ್ಳಲಿಲ್ಲ, ಅಮ್ಮನ ತೋಳಿಗೆ ಒರಗಿದ್ದಳು.

"ಮೌನೀ," ಎಂದಳು ಶ್ಯಾಮಲಮ್ಮ ಕೊನೆಗೆ. "ನಾನು ಬರ್ದಿದ್ದು ತಪ್ಪು ಅಂತ ನಿಂಗೆ ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಮೊದ್ಲಿಂದ."

"ಮತ್ತೆ ಯಾಕಮ್ಮಾ ಹಂಗೆ ಹೇಳ್ದೆ? ನಾನು ಬೇಡ ಅಂತ ತಲೆ ಅಲ್ಲಾಡಿಸಿದ್ನಲ್ಲ."

"ನಂಗೆ ನೀನು ಹೆದರಿಸ್ತಾ ಇದ್ದೀಯ ಅನ್ನಿಸ್ತು. ಮತ್ತೆ ಮಾತು ಬಿಟ್ಬಿಟ್ರೆ?" ಆಮೇಲೆ ಅಮ್ಮನನ್ನು ಸಮಾಧಾನ ಮಾಡುವವಳಂತೆ ಕೈ ಹಿಡಿದುಕೊಂಡಳು. "ಇನ್ಮೇಲೆ ನಾನು ಮಿಸ್ ಮನೆಗೆ ಹೋಗಲ್ಲಮ್ಮ. ನೀನೇ ಹೇಳ್ಕೊಡು."

ಎರಡು ತಿಂಗಳಿಂದ ಶ್ಯಾಮಲಮ್ಮ ಕಾದದ್ದು ಈ ಒಂದು ಮಾತಿಗೆ. ಇದಕ್ಕಾಗಿ ಪುಸ್ತಕ ಉಜ್ಜಿದ್ದಳು, ಗೋಡೆ ನೋಡಿದ್ದಳು. ಈಗ ಮಾತು ತಾನಾಗಿ ಬಂದು ಮಡಿಲಲ್ಲಿ ಬಿದ್ದಿತ್ತು. ಕೊಡುವುದಕ್ಕೆ ಅವಳ ಹತ್ತಿರ ಏನಿತ್ತು? ನೀಲಿ ಪೆನ್ನಿನ ತಪ್ಪು ಅಕ್ಷರ ಬಿಟ್ಟರೆ ಏನೂ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುವ ಗಾದೆಯನ್ನು ಅವಳೇ ಮಗಳಿಗೆ ಉರು ಹೊಡೆಸಿದ್ದಳು. ಆ ಬೇಲಿ ತಾನೇ ಆಗುತ್ತೇನೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಶಿಡ್ಲಘಟ್ಟ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಮುಂದೆ ಕೂತಿದ್ದ ಇಬ್ಬರು ಮಕ್ಕಳು ಕಡಲೆಕಾಯಿ ಕೊಳ್ಳಲು ಕಿಟಕಿಗೆ ಮುಗಿಬಿದ್ದರು. ಶ್ಯಾಮಲಮ್ಮ ಎದ್ದು, ಸೀಟಿನ ಕಂಬಿ ಹಿಡಿದುಕೊಂಡು ಮುಂದೆ ಹೋಗಿ ಸಂಘಮಿತ್ರಳ ಪಕ್ಕ ನಿಂತಳು.

"ಮೇಡಂ, ಅವಳು ಮರ್ತಿಲ್ಲ. ನಾನೇ ಹಂಗೆ ಹೇಳ್ಕೊಟ್ಟಿದ್ದು. ನೀವು ಬರ್ದಿದ್ದೆಲ್ಲ ಅಳಿಸಿ ನಾನೇ ಬರ್ದುಕೊಟ್ಟೆ."

"ಗೊತ್ತಾಯ್ತಕ್ಕಾ," ಎಂದಳು ಸಂಘಮಿತ್ರ. "ಮರೆತವರು ತಡವರಿಸ್ತಾರೆ. ಅವಳು ತಡವರಿಸ್ಲಿಲ್ಲ. ಯಾರೋ ಕೂರಿಸ್ಕೊಂಡು ತಿದ್ದಿಸಿರೋ ತಪ್ಪು ಅದು."

"ಹೊಟ್ಟೆಕಿಚ್ಚು ಮೇಡಂ," ಎಂದಳು ಶ್ಯಾಮಲಮ್ಮ. ಬಸ್ಸಿನಲ್ಲಿ ಯಾರಿಗೆ ಕೇಳಿಸಿತೋ ಬಿಟ್ಟಿತೋ ಅವಳು ನೋಡಲಿಲ್ಲ. "ಅವಳು ದಿನಾ ನಿಮ್ಮ ಹೆಸರೇ ಹೇಳ್ತಿದ್ಲು. ತಡ್ಕೊಳ್ಳಕ್ಕಾಗ್ಲಿಲ್ಲ."

"ನಂಗೆ ಬೇಜಾರಾಗಿದೆ ಅಕ್ಕ. ಬಹುಮಾನ ಹೋಗಿದ್ದಕ್ಕಲ್ಲ," ಎಂದಳು ಸಂಘಮಿತ್ರ. ಪರವಾಗಿಲ್ಲ ಬಿಡಿ ಎಂದು ಮಾತ್ರ ಹೇಳಲಿಲ್ಲ. ಪಕ್ಕದ ಸೀಟಿನಲ್ಲಿದ್ದ ತನ್ನ ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

ಶ್ಯಾಮಲಮ್ಮ ತನ್ನ ಸೀಟಿಗೆ ಬಂದಳು. "ಮೌನೀ, ಹೋಗಮ್ಮ, ಮಿಸ್ ಪಕ್ಕ ಕೂತ್ಕೋ. ಆ ತಪ್ಪಾಗಿದ್ದನ್ನ ಸರಿಯಾಗಿ ಹೇಳು ಅವರಿಗೆ. ನಾಳೆಯಿಂದ ಎಂದಿನಂಗೇ ಹೋಗು."

"ನಿಂಗೆ ಕೋಪ ಇಲ್ವಾ?"

"ಇಲ್ಲ, ಹೋಗು."

ಮೌನಿಕಾ ಎದ್ದಳು. ಎರಡು ಸೀಟು ದಾಟಿ ತಿರುಗಿ ಅಮ್ಮನ ಮುಖ ನೋಡಿದಳು. ಇನ್ನೆರಡು ದಾಟಿ ಮತ್ತೆ ತಿರುಗಿ ನೋಡಿದಳು, ಕೋಪ ಇದೆಯೋ, ಅಡಗಿಸಿಕೊಂಡಿದ್ದಾಳೋ ಎಂದು ಹುಡುಕುವ ಹಾಗೆ. ಸಾಲ ಕೇಳಲು ಬಂದವರು ಯಜಮಾನನ ಮುಖವನ್ನು ಹಾಗೆ ನೋಡುತ್ತಾರೆ. ಹೆತ್ತ ಮಗು ನೋಡಬಾರದು. ಕಾಗುಣಿತ, ಮಗ್ಗಿ, ಪದ್ಯ ಎಲ್ಲದರ ಜೊತೆಗೆ ಇದನ್ನೂ ಮಗಳಿಗೆ ತಾನೇ ಕಲಿಸಿದ್ದು ಎಂದು ಶ್ಯಾಮಲಮ್ಮನಿಗೆ ಆಗ ತಿಳಿಯಿತು, ಮಗು ಇದನ್ನೂ ಒಂದೇ ಸಲಕ್ಕೆ ಕಲಿತುಬಿಟ್ಟಿತ್ತು.

ಅವಳು ನಕ್ಕಳು. ಹೊಟ್ಟೆಯೊಳಗಿನ ಉರಿ ಇನ್ನೂ ಆರಿರಲಿಲ್ಲ, ಆರುವ ಲಕ್ಷಣವೂ ಇರಲಿಲ್ಲ. ಆದರೂ ಕಷ್ಟಪಟ್ಟು, ಕಣ್ಣಿಗೂ ಏರುವ ಹಾಗೆ ನಕ್ಕು, ಮಗಳು ಮೂರನೇ ಸಲ ತಿರುಗಿದರೆ ಇರಲಿ ಎಂದು ಆ ನಗುವನ್ನು ಹಾಗೇ ಹಿಡಿದುಕೊಂಡು ಕೂತಳು.

ಬಸ್ಸು ಹೊರಟಿತು. ಮೂರನೇ ಸಲ ಮೌನಿಕಾ ತಿರುಗಲಿಲ್ಲ.